ಕಪ್ಪೆಗಳಿಗೆ ಸೋಲಾರ್ ಕರೆಂಟ್

"ಇನ್ನು ಮೇಲೆ ಈ ಮನೇಲಿ ಕರೆಂಟ್ ಹೋಯ್ತು ಅನ್ನೋ ಮಾತು ಯಾರ ಬಾಯಲ್ಲೂ ಬರಕೂಡದು!"

ಗ್ರಂಥಪಾಲಕರು ಈ ರಾಜಾಜ್ಞೆ ಹೊರಡಿಸಿದ್ದು ಬನಿಯನ್ ತೊಟ್ಟು, ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡು. ಅವರ ಛಾವಣಿಯ ಮೇಲೆ ಆರು ಸೋಲಾರ್ ಫಲಕಗಳು ಬಂದು ಕೂತು ಹದಿನೈದು ದಿನವಾಗಿತ್ತು. ಜೊತೆಗೆ ಬಂದ ನೂರ ಹನ್ನೆರಡು ಪುಟದ ಕೈಪಿಡಿಯನ್ನು ಅವರು ಪರೀಕ್ಷೆಗೆ ಕೂರುವವರ ಹಾಗೆ ಅರೆದು ಕುಡಿದಿದ್ದರು. ಪುಟ ಹೇಳದೆ ಒಂದು ಮಾತೂ ಆಡದವರಾದ್ದರಿಂದ ಬೀದಿಯ ಜನ ಬೆನ್ನ ಹಿಂದೆ ಅವರನ್ನು 'ಪುಟಸಂಖ್ಯೆ' ಎಂದೇ ಕರೆಯುತ್ತಿದ್ದರು. ಫಲಕ ಕೂರಿಸಲು ಬಂದ ಫಿಟ್ಟರ್ ಏನೋ ವಿವರಿಸಲು ಬಾಯಿ ತೆರೆದಾಗಲೂ, "ನೀನು ಸ್ಕ್ರೂ ಬಿಗಿ ಮಾಡಪ್ಪ, ಮಿಕ್ಕಿದ್ದು ನಾನು ಓದ್ಕೋತೀನಿ" ಎಂದು ಬಾಯಿ ಮುಚ್ಚಿಸಿದ ಮಹಾನುಭಾವರು ಅವರು.

ಅವರ ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುವವರು. ಅಂದು ಸಂಜೆ ಆರಕ್ಕೆ ಶಾಲೆಯಲ್ಲಿ ಮಕ್ಕಳ ನಾಟಕ. ಇಪ್ಪತ್ತೆರಡು ಮಕ್ಕಳು, ಇಪ್ಪತ್ತೆರಡು ಕಪ್ಪೆ ವೇಷ! ಹದಿಮೂರು ಕಪ್ಪೆಗಳು ಮುಗಿದು, ಅಂಟಿಸಿದ ಕಣ್ಣು ಒಣಗಲೆಂದು ಹಿತ್ತಲ ತಂತಿಯ ಮೇಲೆ ನೇತಾಡುತ್ತಿದ್ದವು. ಉಳಿದ ಒಂಬತ್ತು, ಕತ್ತರಿಸಿಟ್ಟ ಕೈಕಾಲುಗಳಾಗಿ ಮೇಜಿನ ಮೇಲೆ ಬಿದ್ದಿದ್ದವು. ಆದರೆ ಲೈನ್ ದುರಸ್ತಿಗಾಗಿ ಅಂದೇ ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ಬೀದಿಗೆಲ್ಲ ಕರೆಂಟ್ ಇಲ್ಲ ಎಂದು ಮುಂಚೆಯೇ ತಿಳಿಸಿದ್ದರು. ಹೆಂಡತಿ ಆಟೋ ಕರೆಸಿದ್ದರು.

"ರೀ, ಮಷೀನನ್ನ ಒಂದು ಕಡೆ ಹಿಡ್ಕೊಳ್ಳಿ. ತಂಗಿ ಮನೆಗೆ ಹೋಗಿ ಹೊಲೀತೀನಿ. ಅವಳ ಬೀದೀಲಿ ಕರೆಂಟ್ ಇರುತ್ತೆ."

"ತಲೆ ಮೇಲೆ ಆರು ಫಲಕ ಹೊತ್ಕೊಂಡಿರೋ ಮನೆಯವಳು ತಂಗಿ ಮನೆಗೆ ಕರೆಂಟ್ ಕೇಳ್ಕೊಂಡು ಹೋಗೋದೇ? ನನ್ನ ಮರ್ಯಾದೆ ಏನಾಗ್ಬೇಡ!"

"ನಿಮ್ಮ ಮರ್ಯಾದೆ ಆಮೇಲೆ ನೋಡ್ಕೊಳ್ಳೋಣ. ಐದು ಗಂಟೆಗೆ ಟೀಚರ್ ಬರ್ತಾರೆ. ಒಂದು ಕಪ್ಪೆ ಕಮ್ಮಿ ಆದ್ರೂ ಒಂದು ಮಗು ಸ್ಟೇಜ್ ಪಕ್ಕ ಅಳ್ತಾ ನಿಂತಿರುತ್ತೆ. ಆಮೇಲೆ ಆ ಸ್ಕೂಲಿನವರು ನನ್ನ ಮುಖ ನೋಡ್ತಾರಾ?"

"ಪುಟ ಮೂವತ್ತೆಂಟು! ಒಳ್ಳೆ ಬಿಸಿಲಿದ್ರೆ ನಮ್ಮ ಫಲಕ ಮೂರು ಸಾವಿರ ವ್ಯಾಟ್ ಕೊಡುತ್ತೆ. ನಿನ್ನ ಮಷೀನಿಗೆ ಬೇಕಾಗಿರೋದು ನೂರು. ಮೂವತ್ತು ಮಷೀನ್ ಓಡಿಸ್ತೀನಿ ನೋಡು! ನಾನು ಮಾತು ಕೊಡ್ತೀನಿ, ಸಾಕಾ?"

ಮಾತು ಕೊಟ್ಟ ಮೇಲೆ ಇನ್ನೇನು! ಆಟೋ ವಾಪಸ್ಸಾಯಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಗ್ರಂಥಪಾಲಕರು ಗೇಟಿನ ಬಳಿ ನಿಂತು, "ಯಾರ್ಯಾರ ಮೊಬೈಲ್ ಚಾರ್ಜ್ ಆಗ್ಬೇಕೋ ತಂದ್ಕೊಡಿ!" ಎಂದು ಬೀದಿಗೆಲ್ಲ ಸಾರಿದರು. ಹನ್ನೊಂದು ಮೊಬೈಲ್ ಬಂದವು. ಪ್ರತಿಯೊಂದಕ್ಕೂ ಚೀಟಿ ಬರೆದು, ಕ್ರಮಸಂಖ್ಯೆ ಹಾಕಿ, ಊಟದ ಮೇಜಿನ ಮೇಲೆ ಸಾಲಾಗಿ ಜೋಡಿಸಿದರು.

ಗಡಿಯಾರ ಹತ್ತು ತೋರಿಸಿತು. ಫ್ಯಾನ್ ಒಂದು ಸುತ್ತು ಹಾಕಿತು, ಇನ್ನರ್ಧ ಸುತ್ತು ಹಾಕಿತು, ನಿಂತೇ ಹೋಯಿತು.

"ಗಾಬರಿ ಬೇಡ" ಎಂದರು ಗ್ರಂಥಪಾಲಕರು. "ಈಗ ಸೂರ್ಯ ಬರ್ತಾನೆ."

ಹತ್ತು ನಿಮಿಷ ಕಳೆಯಿತು. ಮೂಲೆಯಲ್ಲಿ ಕಪ್ಪೆಯ ತಲೆಗೆ ಗುಂಡಿ ಹಚ್ಚುತ್ತಿದ್ದ ಅತ್ತೆ ಕನ್ನಡಕದ ಮೇಲಿಂದ ನೋಡಿದರು. "ಅಳಿಯಂದ್ರೆ, ಸೂರ್ಯ ಬೆಳಿಗ್ಗೇನೇ ಬಂದಿದ್ದಾನೆ. ಹಿತ್ತಲಲ್ಲಿ ನಾನೇ ನೋಡ್ದೆ."

"ಧೂಳು! ಫಲಕದ ಮೇಲೆ ಧೂಳು ಕೂತಿದೆ! ಪುಟ ಅರವತ್ತೊಂದು!"

ಬಕೆಟ್ಟು, ಸೋಪಿನ ಪುಡಿ, ಉದ್ದ ಪೊರಕೆ ಹಿಡಿದು ಅವರು ಛಾವಣಿಗೆ ದಂಡೆತ್ತಿ ಹೋದರು. ಅಂಗಾಲು ಚುರ್ ಎಂದಿತು. ಬಿಡಲಿಲ್ಲ! ಒಂದು ಕಾಲು ಎತ್ತಿ, ಮತ್ತೊಂದು ಕಾಲು ಎತ್ತಿ, ಕುಣಿಯುತ್ತಲೇ ಆರೂ ಫಲಕ ತಿಕ್ಕಿದರು. ನಾಲ್ಕು ಬಕೆಟ್ ನೀರು ಸುರಿದರು. ಸುರಿದ ನೀರು ಎಲ್ಲಿಗೆ ಹೋಗುತ್ತದೆಂದು ಯಾವ ಪುಟದಲ್ಲೂ ಬರೆದಿರಲಿಲ್ಲ. ಅದು ಛಾವಣಿಯ ಕೊಳವೆಯಿಂದ ನೇರವಾಗಿ ಹಿತ್ತಲ ತಂತಿಯ ಮೇಲೆ ಬಿತ್ತು.

"ಅಯ್ಯಯ್ಯೋ, ಸಾಕು ನಿಲ್ಸಿ ಅಳಿಯಂದ್ರೆ!" ಕೆಳಗಿನಿಂದ ಅತ್ತೆ ಕೂಗಿದರು. "ಕಪ್ಪೆಗಳಿಗೆಲ್ಲಾ ಸ್ನಾನ ಆಯ್ತು!"

ಅವರು ಇಳಿದು ಬರುವಷ್ಟರಲ್ಲಿ ಹದಿಮೂರು ಕಪ್ಪೆಗಳು ನೊರೆ ಕಕ್ಕುತ್ತ ನೇತಾಡುತ್ತಿದ್ದವು. ಬಾಗಿಲಲ್ಲಿ ಎದುರುಮನೆಯ ಹಲ್ಲಿನ ಡಾಕ್ಟರು ಚೀಟಿ ಹಿಡಿದು ನಿಂತಿದ್ದರು.

"ನನ್ನ ಮೊಬೈಲ್ ಎಷ್ಟಕ್ಕೆ ಬಂತು ಸ್ವಾಮಿ?"

"ಹದಿನಾರು ಪರ್ಸೆಂಟ್."

"ತಂದಾಗ ಹದಿನೆಂಟಿತ್ತಲ್ರೀ!"

ಇನ್ನು ದಾರಿ ಇರಲಿಲ್ಲ. ಗ್ರಂಥಪಾಲಕರು ಒಳಗಿನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ ಫಿಟ್ಟರಿಗೆ ಫೋನ್ ಮಾಡಿದರು.

"ಸಾರ್, ನಿಮ್ಮದು ಬ್ಯಾಟರಿ ಇಲ್ಲದ ಸಿಸ್ಟಮ್ಮು. ಬೀದಿ ಲೈನಿಗೆ ಸೇರಿಸಿರೋದು. ಲೈನಲ್ಲಿ ಕರೆಂಟ್ ಹೋದ್ರೆ ಇದೂ ತಾನಾಗೇ ನಿಂತ್ಕೊಳ್ಳುತ್ತೆ."

"ಇಷ್ಟು ಬಿಸಿಲಿದ್ರೂನಾ? ಇದೆಂಥಾ ಅನ್ಯಾಯ!"

"ಅನ್ಯಾಯ ಅಲ್ಲ ಸಾರ್, ಹಾಗೆ ಮಾಡಿರೋದೇ ಬೇಕು ಅಂತ. ಈಗ ಕಂಬ ಹತ್ತಿ ಕೆಲಸ ಮಾಡ್ತಿರ್ತಾರಲ್ಲ, ನಿಮ್ಮ ಮನೆ ಕರೆಂಟು ಆ ತಂತಿಗೆ ಹರಿದ್ರೆ ಅವರ ಗತಿ ಏನು? ಆವತ್ತೇ ಹೇಳೋಕೆ ಬಂದೆ. ಸ್ಕ್ರೂ ಬಿಗಿ ಮಾಡು ಅಂದ್ರಿ."

"ಯಾವ ಪುಟದಲ್ಲಿದೆ ಅದು?"

"ಮೊದಲನೇ ಪುಟ ಸಾರ್. 'ಎಚ್ಚರಿಕೆಗಳು' ಅಂತ ದಪ್ಪಕ್ಷರದಲ್ಲಿದೆ."

ಗ್ರಂಥಪಾಲಕರು ಕುರ್ಚಿಯಲ್ಲಿ ಕುಸಿದರು. ಮಿಕ್ಸಿಯ ಪುಸ್ತಕವಿರಲಿ, ಇಸ್ತ್ರಿಪೆಟ್ಟಿಗೆಯದಿರಲಿ, ಎಚ್ಚರಿಕೆಗಳನ್ನು ಅವರು ಜನ್ಮದಲ್ಲಿ ಓದಿದವರಲ್ಲ. ನೀರಲ್ಲಿ ಅದ್ದಬೇಡಿ, ಮಕ್ಕಳ ಕೈಗೆ ಕೊಡಬೇಡಿ... ಅದೆಲ್ಲ ಓದು ಬಾರದವರಿಗೆ! ಅವರಂಥ ಪಂಡಿತರ ಓದು ಶುರುವಾಗುತ್ತಿದ್ದುದು ಐದನೇ ಪುಟದಿಂದ. ಕಿಟಕಿಯಾಚೆ ಕಂಬದ ಮೇಲೆ ಇಬ್ಬರು ನೆತ್ತಿ ಸುಡುವ ಬಿಸಿಲಲ್ಲಿ ತಂತಿ ಬಿಗಿಯುತ್ತಿದ್ದರು. ಅವರನ್ನು ನೋಡಿ ಗ್ರಂಥಪಾಲಕರಿಗೆ ನಿಜಕ್ಕೂ ನಾಚಿಕೆಯಾಯಿತು.

ಹಾಲ್‌ನಲ್ಲಿ ಹೆಂಡತಿ ಸೂಜಿಗೆ ದಾರ ಪೋಣಿಸಿಕೊಂಡು ಸುಮ್ಮನೆ ಕೂತಿದ್ದರು. ತಂಗಿಗೆ ಫೋನ್ ಮಾಡಿದ್ದರಂತೆ. ಅಕ್ಕ ಬರುವುದಿಲ್ಲವೆಂದು ಅವಳು ಮನೆಗೆ ಬೀಗ ಹಾಕಿ ಹೊರಟುಹೋಗಿದ್ದಳು. ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು! ಕಣ್ಣೊರೆಸಿಕೊಂಡು, ಒಂದು ಹಸಿರು ಕಾಲನ್ನು ಮಡಿಚಿ ಪಕ್ಕಕ್ಕಿಟ್ಟರು. ಗ್ರಂಥಪಾಲಕರು ಹೊಲಿಗೆ ಮಷೀನಿನ ಬಳಿ ಬಂದು ಅದರ ಚಕ್ರ ಮುಟ್ಟಿ ನೋಡಿದರು.

"ಈ ಚಕ್ರ ಕೈಯಲ್ಲಿ ತಿರುಗಿಸಿದ್ರೆ ಸೂಜಿ ಓಡುತ್ತಾ?"

"ಓಡುತ್ತೆ. ಮೋಟಾರಿನ ಬೆಲ್ಟ್ ಕಳಚಬೇಕು. ಆದ್ರೆ ಬಟ್ಟೆಗೆ ನನ್ನ ಎರಡೂ ಕೈ ಬೇಕು. ಚಕ್ರ ಯಾರು ತಿರುಗಿಸ್ತಾರೆ, ನಿಮ್ಮ ಪುಟ ಮೂವತ್ತೆಂಟಾ?"

ಗ್ರಂಥಪಾಲಕರು ಸ್ಟೂಲ್ ಎಳೆದುಕೊಂಡು ಕೂತರು. "ಮಾತು ಕೊಟ್ಟಿದ್ದೀನಿ. ಒಂಬತ್ತೂ ಮುಗಿಯೋವರೆಗೂ ಏಳಲ್ಲ. ಬೆಲ್ಟ್ ತೆಗಿ!"

"ನಿಧಾನ, ಕಾಲು ಬಂತು!" "ಈಗ ಬೇಗ, ಹೊಟ್ಟೆ!" "ಅಯ್ಯೋ, ಹಿಂದಕ್ಕಲ್ಲ ರೀ, ದಾರ ಹರೀತು!" ಮೊದಲ ಕಪ್ಪೆಗೆ ಐವತ್ತು ನಿಮಿಷ ಹಿಡಿಯಿತು. ಮೂರನೆಯದಕ್ಕೆ ಮೂವತ್ತು. ಬಲಗೈ ಸೋತಾಗ ಎಡಗೈ, ಎಡಗೈ ಸೋತಾಗ ಮತ್ತೆ ಬಲಗೈ. ಅತ್ತೆ ಒಂದು ಕೈಲಿ ನೀರು ಕುಡಿಸಿ, ಇನ್ನೊಂದು ಕೈಲಿ ಗಾಳಿ ಬೀಸಿದರು. ಬೀಸಿದ್ದು ಅದೇ ಕೈಪಿಡಿಯಿಂದ! ಛಾವಣಿಯಲ್ಲಿ ಕೆಲಸಕ್ಕೆ ಬಾರದ ಬಿಸಿಲು ಹಿತ್ತಲಲ್ಲಿ ಮಾತ್ರ ದುಡಿಯಿತು. ಹದಿಮೂರೂ ಕಪ್ಪೆಗಳು ಗರಿಗರಿಯಾಗಿ ಒಣಗಿದವು. ಬಿದ್ದುಹೋದ ಕಣ್ಣುಗಳನ್ನು ಅತ್ತೆ ದಾರ ಹಾಕಿ ಕಟ್ಟಿದರು.

ಐದಕ್ಕೆ ಐದು ನಿಮಿಷವಿರುವಾಗ ಕೊನೆಯ ಕಪ್ಪೆಯ ಕೊನೆಯ ಕಾಲು ಮುಗಿಯಿತು. ಗ್ರಂಥಪಾಲಕರು ಗೋಡೆಗೆ ಒರಗಿದರು. ಟೀಚರ್ ಬಂದಾಗ ಎರಡೂ ಕೈ ಮೇಲೇಳಲಿಲ್ಲ, ತಲೆಯಲ್ಲೇ ನಮಸ್ಕಾರ ಮಾಡಿದರು.

"ಇಪ್ಪತ್ತೆರಡೂ ಆಯ್ತಾ!" ಟೀಚರ್ ಎಣಿಸಿ ಕಣ್ಣರಳಿಸಿದರು. "ಬೀದೀಲೆಲ್ಲಾ ಕರೆಂಟಿಲ್ಲ, ದಾರಿಯುದ್ದಕ್ಕೂ ಎದೆ ಹೊಡ್ಕೊಳ್ತಿತ್ತು. ಅದು ಹೇಗೆ ಮುಗಿಸಿದ್ರಿ?"

"ನಮ್ಮನೇಲಿ ಸೋಲಾರ್ ಇದೆಯಲ್ಲ ಮೇಡಂ" ಎಂದರು ಹೆಂಡತಿ.

ಆಹಾ! ಮರ್ಯಾದೆ ಉಳಿಸಿದಳು ಮಹಾತಾಯಿ! ಗ್ರಂಥಪಾಲಕರು ಆ ನೋವಿನಲ್ಲೂ ಎದೆಯುಬ್ಬಿಸಿ ಕೂತರು.

"ಕರೆಂಟ್ ಹೋದ್ರೂ ನಡೆಯುತ್ತಾ? ನಾವೂ ಹಾಕಿಸ್ಬೇಕು ಅಂತಿದ್ವಿ. ನಿಮ್ಮದು ಎಂಥದ್ದು?"

ಹೆಂಡತಿ ಗಂಡನನ್ನು ನೆತ್ತಿಯಿಂದ ಪಾದದವರೆಗೆ ಒಮ್ಮೆ ನೋಡಿದರು.

"ಹಳೇ ಮಾಡೆಲ್ ಮೇಡಂ. ಶುರುವಾಗೋಕೆ ಮುಂಚೆ ಒಂದು ಗಂಟೆ ಬರೀ ಸದ್ದು ಮಾಡುತ್ತೆ. ಆಮೇಲೆ ಪಾಪ, ಚೆನ್ನಾಗೇ ತಿರುಗುತ್ತೆ. ರಾತ್ರಿ ಮಾತ್ರ ಭುಜಕ್ಕೆ ಮುಲಾಮು ಹಚ್ಬೇಕು!"