ಸಸ್ಯಸದೃಶರಾದ ಸಾಹೇಬರು

ನನ್ನ ಕನ್ನಡದ ಮೇಲೆ ನನಗೆ ಅಪಾರ ಭರವಸೆ ಇತ್ತು. ಯಾಕೆಂದರೆ ಅದನ್ನು ಓದಲು ಕಲಿತು ಇನ್ನೂ ಮೂರೇ ತಿಂಗಳಾಗಿತ್ತು!

ನಿಜಾಮರ ಕಾಲದಲ್ಲಿ ಉರ್ದುವಿನಲ್ಲೇ ಓದಿ, ಸೇಡಂ ಕಡೆಯ ಒಂದು ಹಳ್ಳಿಯಲ್ಲಿ ಮಾಸ್ತರನಾದವನು ನಾನು. ಆ ಆಳ್ವಿಕೆ ಹೋಯಿತು, ಪಾಠ ಕನ್ನಡಕ್ಕೆ ಬಂತು. ಆಡುವ ಮಾತು ಕನ್ನಡವೇ. ಓದಲು, ಬರೆಯಲು ಮಾತ್ರ ಬರುತ್ತಿರಲಿಲ್ಲ. ಶಾಲೆಗಳ ಇನ್‌ಸ್ಪೆಕ್ಟರ್ ಸಾಹೇಬರು ನನ್ನ ಕನ್ನಡ ಒಪ್ಪಿದರೆ ನೌಕರಿ, ಇಲ್ಲದಿದ್ದರೆ ಮನೆ. ನನ್ನ ಹೆಂಡತಿ ಶಾಂತವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆದರೆ ತವರಿನಲ್ಲಿ ಅಜ್ಜನ ಹತ್ತಿರ ವಚನ ಓದಲು ಕಲಿತಿದ್ದಳು. ನನ್ನ ಕೈಗೆ ಪಾಟಿ ಕೊಟ್ಟು ಅಕ್ಷರ ತಿದ್ದಿಸಿದವಳು ಅವಳೇ.

ಸಾಹೇಬರು ಬರುವ ದಿನಕ್ಕೆ ಮಾನಪತ್ರ ಬರೆಯುವ ಹೊಣೆಯನ್ನು ನಾನಾಗಿಯೇ ಮೈಮೇಲೆ ಎಳೆದುಕೊಂಡೆ. ಉರ್ದುವಿನಲ್ಲಿ ದೊಡ್ಡವರನ್ನು ಹೂದೋಟ, ನೆರಳಿನ ಮರ ಎಂದೆಲ್ಲ ಹೊಗಳುವುದು ರೂಢಿ. ಕನ್ನಡವೇನು ಕಡಿಮೆಯೇ? ನಿಘಂಟು ತಡಕಿ ಘನವಾದ ಪದವೊಂದನ್ನು ಹೆಕ್ಕಿದೆ: ‘ಸಸ್ಯಸದೃಶ’.

ಕೇಳಿದ ಶಾಂತವ್ವ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದಳು. “ಗಿಡದಂಥವರು ಅಂತ ಆಗ್ತದಲ್ರಿ! ಮನುಷ್ಯಾಗ ಹಂಗಂದ್ರ ಬೈದಂಗ. ತೆಗೀರಿ ಅದನ್ನ.”

“ನಿನಗೇನು ತಿಳೀತದ? ಇದು ಗ್ರಾಂಥಿಕ!” ಎಂದೆ.

ಮರುದಿನ ಸಭೆಯಲ್ಲಿ ಗಂಟಲು ಸರಿಮಾಡಿಕೊಂಡು ಓದಿದೆ: “ಸಸ್ಯಸದೃಶರಾದ ಸಾಹೇಬರೇ!”

ಹೆಡ್‌ಮಾಸ್ತರರಿಗೆ ಕೆಮ್ಮು ಹತ್ತಿತು. ಸಾಹೇಬರು ಹುಬ್ಬೇರಿಸಿದರು. “ನನ್ನೊಳಗ ಸಸ್ಯದ ಗುಣ ಏನ್ ಕಂಡ್ರಿ, ಮಾಸ್ತರ?”

ನೆರಳು, ಹಣ್ಣು ಎನ್ನಬೇಕಿತ್ತು. ಭಯಕ್ಕೆ ಎರಡೂ ಮರೆತುಹೋದವು. “ತಾವು... ನಿಂತಲ್ಲೇ ನಿಂತಿರ್ತೀರಿ, ಸಾಹೇಬ್ರ!” ಎಂದುಬಿಟ್ಟೆ. ಅವರಿಗೆ ಎಷ್ಟೋ ವರ್ಷಗಳಿಂದ ಬಡ್ತಿ ಸಿಕ್ಕಿಲ್ಲ ಎಂಬುದು ಇಡೀ ತಾಲೂಕಿಗೆ ಗೊತ್ತಿತ್ತು. ತಿದ್ದಲು ಹೋಗಿ, “ನೀರು ಹಾಕಿದವರ ಕಡೀಗೇ ಬಾಗ್ತೀರಿ” ಎಂದೆ. ಅಲ್ಲಿಗೆ ಲಂಚದ ಆರೋಪವೂ ಸೇರಿತು!

ಅವರ ಊಟ ನಮ್ಮ ಮನೆಯಲ್ಲೇ ಎಂದು ಮೊದಲೇ ನಿಗದಿಯಾಗಿತ್ತು. ಸಾಹೇಬರು ರೊಟ್ಟಿ, ಪುಂಡಿಪಲ್ಯ ಉಂಡರು. ಕೊನೆಗೆ, “ನಿಮಗ ಕನ್ನಡ ಕಲಿಸಿದವರು ಯಾರು?” ಎಂದರು. ನಾನು ಒಲೆಯ ಕಡೆ ಕೈ ತೋರಿಸಿದೆ.

“ತಂಗಿ, ಸಸ್ಯಸದೃಶ ಅಂದ್ರೇನು? ಒಂದು ವಾಕ್ಯದಾಗ ಬಳಸಿ ಹೇಳು ನೋಡೋಣ.”

ಅವಳು ಸೆರಗು ಸರಿಮಾಡಿಕೊಂಡಳು. “ಗಿಡದಂಥಾದ್ದು ಅಂತ್ರಿ. ‘ಮೂರು ತಿಂಗಳಿಂದ ಕಲಿಸ್ಲಿಕತ್ತೀನಿ, ನಮ್ಮ ಮನಿಯವರು ಸಸ್ಯಸದೃಶರಾಗಿ ಕುಂತಾರ.’ ಆದ್ರ ಸಾಹೇಬ್ರ, ಒಂದು ದಿನಾನೂ ತಪ್ಪಿಸಿಲ್ರಿ. ದಿನಾ ಒಂದೊಂದು ಎಲಿ ಚಿಗರ್ಲಿಕತ್ತದ. ಒಂದು ವರ್ಷ ಮುದತ್ ಕೊಡ್ರಿ.”

ಸಾಹೇಬರು ನಕ್ಕ ರಭಸಕ್ಕೆ ಮಜ್ಜಿಗೆ ನೆತ್ತಿಗೇರಿತು. ನೌಕರಿ ಉಳಿಯಿತು. ಅವರು ಹೊರಟ ಮೇಲೆ ಹೆಂಡತಿಗೆ ಕೈ ಮುಗಿದೆ. ಈಗಲೂ ಮನಸ್ಸಿನಲ್ಲಿ ಕೈ ಮುಗಿಯುತ್ತೇನೆ. ನಾನು ಇಂದಿಗೂ ಉಣ್ಣುತ್ತಿರುವುದು ಅವಳ ಆ ಮಾತಿನ ರೊಟ್ಟಿಯನ್ನು.

ಸಾಹೇಬರು ಶಾಲೆಯ ಪುಸ್ತಕದಲ್ಲಿ ಷರಾ ಬರೆದು ಹೋಗಿದ್ದರು: “ಮಾಸ್ತರರ ಹೆಂಡತಿಯ ಕನ್ನಡ ಉತ್ತಮ. ಆದ್ದರಿಂದ ಮಾಸ್ತರರನ್ನು ಮುಂದುವರಿಸಬಹುದು.”