ಭಾಲ್ಕಿಯಲ್ಲೇ ನಿಂತ ಚುಕ್ಕಿ

ಶಾಲುಬಾಯಿ: ಮತ್ತ ಮ್ಯಾಲ ಎತ್ತಿ ಒಗದ್ರಿ?

ವೈಜಿನಾಥ: ಏನು?

ಶಾಲುಬಾಯಿ: ನಾ ಏನ್ ಕುರುಡಿ ಇದ್ದೀನಾ? ಫೋನಿನ ಮ್ಯಾಲ ಹೆಬ್ಬಟ್ಟ ಹಿಂಗ ಮ್ಯಾಲಕ್ಕ ಹೋಯ್ತು. ಯಾವುದನ್ನ ಬಂದ್ ಮಾಡಿದ್ರಿ?

ವೈಜಿನಾಥ: ಖುಲ್ಲಾ ಇದ್ದದ್ದನ್ನ ಬಂದ್ ಮಾಡಿದೆ. ಹಿಂದ ಐದಾರು ಆ್ಯಪ್ ಕುಂತಿದ್ವು.

ಶಾಲುಬಾಯಿ: ಹಿಂದ ಕುಂತಿದ್ವು, ನಿಮ್ಮ ತಲಿ ಮ್ಯಾಲ ಕುಂತಿದ್ದಿಲ್ಲಲ್ಲ.

ಭಾಲ್ಕಿ ಬಸ್ ನಿಲ್ದಾಣದಿಂದ ಹೊರಟ ಚಾಂದ ಪಾಶಾನ ಟಂಟಂ ಆಟೊ ಮೆಹಕರದ ದಾರಿ ಹಿಡಿದು ಕುಲುಕುತ್ತ ಸಾಗಿತ್ತು. ಹಿಂದಿನ ಸೀಟಿನಲ್ಲಿ ಗಂಡ ಹೆಂಡತಿ ಇಬ್ಬರೇ. ಶಾಲುಬಾಯಿಯ ಸೀರೆಗೆ ಜೇಬಿಲ್ಲ. ಆದ್ದರಿಂದ ಅವಳ ಫೋನು ಗಂಡನ ಅಂಗಿಯ ಜೇಬಿನಲ್ಲಿ ಪ್ರಯಾಣ ಮಾಡುತ್ತಿತ್ತು. ಅದೇ ಅವಳು ಮಾಡಿದ ತಪ್ಪು.

ವೈಜಿನಾಥ ಕಮಠಾಣದಲ್ಲಿ ಊರಿಗೆ ನೀರು ಬಿಡುವ ವಾಟರ್‌ಮನ್ ಆಗಿದ್ದವನು. ಒಂದು ವಾಲ್ವ್ ಮರೆತರೆ ಬೆಳಗಾಗುವುದರೊಳಗೆ ಟಾಕಿ ಬರಿದಾಗಿ, ಹೆಂಗಸರು ಕೊಡ ಹಿಡಿದು ಮನೆ ಬಾಗಿಲಿಗೆ ಬರುತ್ತಿದ್ದರು. ಆ ಭಯ ನಿವೃತ್ತಿಯಾದ ಮೇಲೂ ಅವನಿಂದ ನಿವೃತ್ತಿಯಾಗಲಿಲ್ಲ. ತಿರುಗಿಸಲು ವಾಲ್ವ್ ಉಳಿಯದಿದ್ದಾಗ ಮನೆಯ ನಲ್ಲಿ, ದೀಪ, ಕಪಾಟು, ಪಕ್ಕದ ಮನೆಯವರ ಗೇಟು ಎಲ್ಲವನ್ನೂ ಮುಚ್ಚುತ್ತ ಬಂದ. ಸ್ಮಾರ್ಟ್‌ಫೋನು ಮನೆಗೆ ಬಂದ ದಿನ ಅವನಿಗೆ ಮತ್ತೆ ನೌಕರಿ ಸಿಕ್ಕಂತಾಯಿತು.

ವೈಜಿನಾಥ: ಬಂದ್ ಮಾಡ್ಲಿಲ್ಲಂದ್ರ ಬ್ಯಾಟರಿ ಹೋಗ್ತದ.

ಶಾಲುಬಾಯಿ: ಎಲ್ಲಿಗಿ ಹೋಗ್ತದ?

ವೈಜಿನಾಥ: ಸೋರ್ತದ. ವಾಲ್ವ್ ಜರಾ ಸಡ್ಲ ಇತ್ತಂದ್ರ ಹನಿ ಹನಿ ಸೋರಿ ಟಾಕಿ ಖಾಲಿ ಆಗಲ್ಲೇನು? ಇದೂ ಹಂಗೇ.

ಶಾಲುಬಾಯಿ: ನಮ್ಮ ಪ್ರಣಿತಾ ಹೇಳ್ಯಾಳ, ಹಿಂದ ಇದ್ದದ್ದು ಸುಮ್ನ ಮಕ್ಕೊಂಡಿರ್ತದಂತ. ಬ್ಯಾಡಾದ್ದನ್ನ ಫೋನೇ ಬಂದ್ ಮಾಡ್ಕೋತದಂತ. ಬಂದ್ ಮಾಡಿ ಮಾಡಿ ಮತ್ತ ತಗದ್ರೇ ಬ್ಯಾಟರಿ ಜಾಸ್ತಿ ತಿಂತದಂತ.

ವೈಜಿನಾಥ: ನಿನ್ನ ಮಗಳು ಫ್ಯಾನ್ ಬಂದ್ ಮಾಡ್ಲಾರ್ದೇ ಕಾಲೇಜಿಗಿ ಹೋಗ್ತಾಳ. ಅಕಿ ಮಾತು ತಗೊಂಡು ಬಂದಿ?

ಶಾಲುಬಾಯಿ: ಅಕಿ ಬಿಡ್ರಿ. ನಾ ರೊಟ್ಟಿ ಬಡೀತೇನಿ. ಒಂದು ರೊಟ್ಟಿ ಆದ್ ಮ್ಯಾಲ ಒಲಿ ಆರಿಸಿ, ಹಂಚು ತಣ್ಣಗ ಮಾಡಿ, ಮತ್ತ ಬೆಂಕಿ ಹಚ್ಚಿ ಎರಡ್ನೇದು ಬಡೀತೇನೇನು?

ವೈಜಿನಾಥ: ರೊಟ್ಟಿ ಎಲ್ಲಾ ಆದ್ ಮ್ಯಾಲೂ ಒಲಿ ಹಚ್ಚೇ ಇಡ್ತೀ ಏನು?

ಶಾಲುಬಾಯಿ: ನೀವು ಉಂಡು ಏಳೋತನ ಆರಿಸ್ಲಕ ಎಲ್ಲಿ ಬಿಡ್ತೀರಿ? ಬಿಸೀದು ತಾ, ಬಿಸೀದು ತಾ ಅಂತೀರಿ.

ವೈಜಿನಾಥ: ಅದು ಬ್ಯಾರಿ.

ಶಾಲುಬಾಯಿ: ನಿಮ್ಮ ಹೊಟ್ಟಿ ಮಾತು ಬಂದ್ರ ಎಲ್ಲಾ ಬ್ಯಾರಿ.

ಮುಂದಿನ ಸೀಟಿನಿಂದ ಚಾಂದ ಪಾಶಾ ಕನ್ನಡಿಯಲ್ಲಿ ಇಬ್ಬರನ್ನೂ ನೋಡಿದ. ಭಾಲ್ಕಿಯಿಂದ ಇಲ್ಲಿಯ ತನಕ ಅವನು ರೇಡಿಯೊ ಹಾಕಿರಲಿಲ್ಲ. ಹಾಕುವ ಅಗತ್ಯವೂ ಬಿದ್ದಿರಲಿಲ್ಲ.

ಚಾಂದ ಪಾಶಾ: ಕಾಕಾ, ನಂದು ಎಲ್ಲಾ ಖುಲ್ಲಾನೇ ಇರ್ತಾವ ನೋಡ್ರಿ.

ಶಾಲುಬಾಯಿ: ಕೇಳ್ರಿ. ದಿನಾ ದುಡಿಯೋ ಮನುಷ್ಯಾ ಹೇಳ್ಲತ್ತಾನ.

ಚಾಂದ ಪಾಶಾ: ಬಂದ್ ಮಾಡಿದ್ರ ನಮ್ಮ ಮನ್ಯಾಕಿ ವಹೀದಾ ಕೇಳ್ತಾಳ, ಏನ್ ಮುಚ್ಚಿಟ್ಟಿ ಅಂತ. ಖುಲ್ಲಾ ಬಿಟ್ರ ಕೇಳ್ತಾಳ, ಇದನ್ಯಾಕ ನೋಡಿದಿ ಅಂತ.

ವೈಜಿನಾಥ: ಮತ್ತ ಹ್ಯಾಂಗ ಮಾಡ್ತಿ?

ಚಾಂದ ಪಾಶಾ: ಚಾರ್ಜ್ ಪೂರಾ ಖತಂ ಮಾಡ್ಕೊಂಡೇ ಮನೀಗಿ ಹೋಗ್ತೇನ್ರಿ.

ಶಾಲುಬಾಯಿ ಕೈ ಚಾಚಿ ಗಂಡನ ಜೇಬಿನಿಂದ ಫೋನು ಎಳೆದುಕೊಂಡಳು. ಪರದೆ ಮೇಲೆ ತಿಕ್ಕಿ ನೋಡಿದಳು. ಅವಳ ಮುಖ ಇಳಿಯಿತು.

ಶಾಲುಬಾಯಿ: ಲೊಕೇಶನ್ ಎಲ್ಲದ?

ವೈಜಿನಾಥ: ಯಾವ ಲೊಕೇಶನ್?

ಶಾಲುಬಾಯಿ: ಲಲಿತಾಬಾಯಿಗಿ ಕಳಿಸಿದ್ದು. ಮುಂಜಾನಿ ಪ್ರಣಿತಾ ಹಚ್ಚಿಕೊಟ್ಟಿದ್ಳಲ್ಲ, ಅದು.

ವೈಜಿನಾಥ: ಅದೂ ಹಿಂದೇ ಕುಂತಿತ್ತೇನು? ಸ್ಟ್ಯಾಂಡಿನ್ಯಾಗೇ ಒಂದ್ಸಲ ಎಲ್ಲಾ ಬಂದ್ ಮಾಡೀನಿ.

ಸಂಗತಿ ಇಷ್ಟು. ಮೆಹಕರದ ಲಲಿತಾಬಾಯಿಯ ಹತ್ತಿರ ಕಸ್ತೂರಿ ಎಂಬ ಪಂಢರಪುರಿ ಎಮ್ಮೆ ಇತ್ತು. ಕತ್ತಿಯಂತೆ ಬೆನ್ನ ತನಕ ಬಾಗಿದ ಕೊಂಬು, ಎಣ್ಣೆ ಹಚ್ಚಿದಂಥ ಮೈ. ಹಿಂದೊಮ್ಮೆ ಆ ಊರಿನ ಮದುವೆಗೆ ಹೋಗಿದ್ದ ಶಾಲುಬಾಯಿ ಮದುಮಗಳನ್ನು ಸರಿಯಾಗಿ ನೋಡದೆ ಎಮ್ಮೆಯನ್ನು ನೋಡಿಕೊಂಡು ಬಂದಿದ್ದಳು. ತಮ್ಮ ಹಟ್ಟಿಯ ಎಮ್ಮೆ ಮುದಿಯಾಗಿ ಸತ್ತ ಮೇಲೆ ಅವರ ಮನೆಯಲ್ಲಿ ಪ್ಯಾಕೆಟ್ ಹಾಲು. ಆ ಹಾಲಿನ ಚಹಾ ಕುಡಿಯುವಾಗೆಲ್ಲ ಅವಳಿಗೆ ಸಾವಿನ ಮನೆಗೆ ಮಾತಾಡಿಸಲು ಹೋಗಿ ಕುಳಿತಂತೆ ಅನ್ನಿಸುತ್ತಿತ್ತು. ಕಸ್ತೂರಿಯನ್ನು ಮಾರುತ್ತಾರೆ ಎಂಬ ಸುದ್ದಿ ಬಂದ ದಿನದಿಂದ ಅವಳು ಬೇರೆ ಮಾತಾಡಿರಲಿಲ್ಲ.

ಕೊಳ್ಳುವವರ ಕಣ್ಣೆದುರೇ ಹಾಲು ಹಿಂಡಿ ತೋರಿಸುವುದು ಆ ಕಡೆಯ ಪದ್ಧತಿ. ಆದರೆ ಕರು ಬಿಟ್ಟು ಕೆಚ್ಚಲಿಗೆ ಹಾಲು ಇಳಿದ ಮೇಲೆ ಎಮ್ಮೆ ಯಾರಿಗಾಗಿಯೂ ಕಾಯುವುದಿಲ್ಲ. ಅದಕ್ಕೆ ಲಲಿತಾಬಾಯಿ ಹೊಸ ಉಪಾಯ ಮಾಡಿದ್ದಳು: ನೀವು ಲೊಕೇಶನ್ ಕಳಿಸ್ರಿ, ಫೋನಿನ ನಕ್ಷೆಯಲ್ಲಿ ನಿಮ್ಮ ಚುಕ್ಕಿ ಹಳ್ಳದ ಮೇಲಿನ ಪೂಲು ದಾಟಿತೆಂದರೆ ಕರು ಬಿಡುತ್ತೇನೆ.

ಶಾಲುಬಾಯಿ: ಈಗ ಅದನ್ನ ಮತ್ತ ಹಚ್ಚಿಕೊಡ್ರಿ.

ವೈಜಿನಾಥ: ನನಗ ಹಚ್ಚಲಕ ಎಲ್ಲಿ ಬರ್ತದ? ನಂದು ಬಂದ್ ಮಾಡೋ ಕೆಲಸ.

ಅಷ್ಟರಲ್ಲಿ ಫೋನು ರಿಂಗಾಯಿತು. ಲಲಿತಾಬಾಯಿ. ಸ್ಪೀಕರ್ ಹಾಕದಿದ್ದರೂ ಚಾಂದ ಪಾಶಾನಿಗೆ ಸಹಿತ ಕೇಳುವಂಥ ದನಿ.

ಲಲಿತಾಬಾಯಿ: ಎಲ್ಲಿದ್ದೀರಿ?

ಶಾಲುಬಾಯಿ: ಬಂದೇ ಬಿಟ್ವಿ ಅಕ್ಕಾ. ಪೂಲ್ ಹತ್ರ ಇದ್ದೀವಿ.

ಲಲಿತಾಬಾಯಿ: ಸುಳ್ಳ ಹೇಳಬ್ಯಾಡ್ರಿ. ಭಾಲ್ಕ್ಯಾಗ ಇದ್ದೀರಿ. ನಿಮ್ಮ ಚುಕ್ಕಿ ಬಸ್ ಸ್ಟ್ಯಾಂಡಿನ್ಯಾಗೇ ಕುಂತದ.

ಶಾಲುಬಾಯಿ: ಚುಕ್ಕಿ ಕುಂತದ ಅಕ್ಕಾ. ನಾವು ಬರ್ಲತ್ತೀವಿ.

ಲಲಿತಾಬಾಯಿ: ಚುಕ್ಕಿ ಬಿಟ್ಟು ನೀವು ಹ್ಯಾಂಗ ಬರ್ತೀರಿ? ಸ್ಟ್ಯಾಂಡ್ ಹಿಂದ ಖಾಸಿಂ ಅಲಿ ಎಮ್ಮಿ ಕೊಟ್ಟಗಿ ಅದ. ನನಗೇನು ಗೊತ್ತಿಲ್ಲೇನು? ಅಲ್ಲಿ ಕುಂತು ಅವನ ಎಮ್ಮಿ ನೋಡ್ಲತ್ತೀರಿ.

ವೈಜಿನಾಥ ಹೆಂಡತಿಗೆ ನೆರವಾಗಬೇಕೆಂದು ಫೋನಿನ ಕಡೆ ಬಾಗಿದ.

ವೈಜಿನಾಥ: ಅವನ ಎಮ್ಮಿ ನಮಗ ಬ್ಯಾಡ್ರಿ ಬಾಯಿ. ಅದು ಒದೀತದ.

ಲಲಿತಾಬಾಯಿ: ಒದೀತದಂತ ನಿಮಗ ಹ್ಯಾಂಗ ಗೊತ್ತಾಯ್ತು?

ಶಾಲುಬಾಯಿ ಮೊಣಕೈಯಿಂದ ಗಂಡನ ಪಕ್ಕೆಗೆ ತಿವಿದಳು.

ಲಲಿತಾಬಾಯಿ: ಅಲ್ಲೇ ಇರ್ರಿ. ನಾಳಿ ಔರಾದದವ್ರು ಬರ್ಲತ್ತಾರ, ಅವ್ರಿಗೇ ಕೊಡ್ತೇನಿ. ಇಡ್ತೇನಿ.

ಶಾಲುಬಾಯಿಗೆ ಯಾರೋ ಕಸ್ತೂರಿಯ ಹಗ್ಗ ಬಿಚ್ಚಿಕೊಂಡು ಔರಾದದ ದಾರಿಯಲ್ಲಿ ನಡೆಸಿಕೊಂಡು ಹೋಗುತ್ತಿರುವುದು ಕಂಡಂತಾಯಿತು.

ಶಾಲುಬಾಯಿ: ಬಾಯಿ ಒಂದು ಬಿಟ್ಟು ಜಗತ್ತಿನ್ಯಾಗ ಎಲ್ಲಾ ಬಂದ್ ಮಾಡ್ತೀರಿ ನೋಡ್ರಿ.

ಮೆಹಕರ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಲಲಿತಾಬಾಯಿ ಗೇಟಿನಲ್ಲೇ ನಿಂತಿದ್ದಳು. ಮೂಗಿನ ತುದಿಗೆ ಚಾಳೀಸು, ಕೈಯಲ್ಲಿ ಫೋನು. ಅವಳು ಮೊದಲು ಬಂದವರನ್ನು ನೋಡಿದಳು, ಆಮೇಲೆ ಫೋನನ್ನು ನೋಡಿದಳು, ಫೋನನ್ನೇ ನಂಬಿದಳು.

ಲಲಿತಾಬಾಯಿ: ಇದರಾಗ ನೀವಿನ್ನೂ ಭಾಲ್ಕ್ಯಾಗ ಇದ್ದೀರಿ.

ವೈಜಿನಾಥ: ನಿಮ್ಮೆದುರಿಗಿ ನಿಂತೀವಲ್ರಿ.

ಲಲಿತಾಬಾಯಿ: ನಿಂತೀರಿ. ಖಾಸಿಂ ಅಲಿ ಕೊಟ್ಟಗ್ಯಾಗಿಂದ ಇಷ್ಟು ಜಲ್ದಿ ಹ್ಯಾಂಗ ಬಂದ್ರಿ ಅಂತ ಕೇಳ್ಲತ್ತೀನಿ.

ಚಾಂದ ಪಾಶಾ: ಅಮ್ಮಾ, ಫೋನ್ ಮಾಡಿದ್ ಮ್ಯಾಲ ಅಲ್ಲಿಂದ ಇಷ್ಟ್ರಾಗ ಇಲ್ಲಿಗಿ ಬರೋವಷ್ಟು ಜೋರ್ ನನ್ನ ಗಾಡಿ ಓಡಲ್ರಿ. ಆಣಿ ಮಾಡಿ ಹೇಳ್ತೇನಿ. ಇದನ್ನ ಮಾರ್ಲಕ ಹೋದಾಗೂ ಎಲ್ಲರೂ ಅದೇ ಅಂದ್ರು.

ಒಳಗಿನಿಂದ ಕಸ್ತೂರಿ ಒಮ್ಮೆ ಉದ್ದಕ್ಕೆ ಕೂಗಿತು. ಕೂಗು ಶಾಲುಬಾಯಿಯ ಎದೆಗೆ ಬಂದು ತಾಗಿತು. ಗಂಡನನ್ನು ಉಳಿಸಿಕೊಳ್ಳುವುದೋ ಎಮ್ಮೆಯನ್ನೋ ಎಂದು ಅವಳು ಬಹಳ ಹೊತ್ತು ಯೋಚಿಸಲಿಲ್ಲ.

ಶಾಲುಬಾಯಿ: ಅಕ್ಕಾ, ಖರೇ ಹೇಳ್ತೇನಿ ಕೇಳ್ರಿ. ಎಲ್ಲಾ ಇವರದೇ ತಪ್ಪು. ಇವರಿಗಿ ಒಂದು ಚಟ ಅದ. ಫೋನಿನ್ಯಾಗ ಏನರೆ ಖುಲ್ಲಾ ಕಂಡ್ರ ಸಾಕು, ಮ್ಯಾಲ ಎತ್ತಿ ಒಗೀತಾರ. ಭಾಲ್ಕ್ಯಾಗ ನಿಮ್ಮ ಲೊಕೇಶನ್ನೂ ಒಗದ್ರು.

ಲಲಿತಾಬಾಯಿ ಚಾಳೀಸು ಸರಿಮಾಡಿಕೊಂಡು ವೈಜಿನಾಥನನ್ನು ಮೊದಲ ಸಲ ಪೂರ್ತಿ ನೋಡಿದಳು.

ಲಲಿತಾಬಾಯಿ: ಎಲ್ಲಾನೂ ಬಂದ್ ಮಾಡ್ತೀರಿ?

ವೈಜಿನಾಥ: (ತಲೆ ತಗ್ಗಿಸಿ) ಎಲ್ಲಾನೂ ರಿ.

ಲಲಿತಾಬಾಯಿ: ಒಂದೂ ಬಿಡಲ್ಲ?

ವೈಜಿನಾಥ: ಗಡಿಯಾರ ಸುದ್ದ ಬಿಡಲ್ರಿ.

ಲಲಿತಾಬಾಯಿ: ಒಳಗ ಬರ್ರಿ. ಹೊರಗ್ಯಾಕ ನಿಂತೀರಿ?

ಶಾಲುಬಾಯಿಗೆ ಏನಾಯಿತೆಂದು ತಿಳಿಯಲಿಲ್ಲ. ಲಲಿತಾಬಾಯಿ ಸ್ವತಃ ಗೇಟಿನ ಚಿಲಕ ಹಾಕಿ, ಎಳೆದು ನೋಡಿ, ವೈಜಿನಾಥನಿಗೆ ಕುಳಿತುಕೊಳ್ಳಲು ಹೊರಸು ತೋರಿಸಿ, ತನ್ನ ಫೋನನ್ನು ಅವನ ಮುಂದೆ ಹಿಡಿದು ಹೆಬ್ಬೆರಳು ಮೇಲಕ್ಕೆ ಎಳೆದಳು. ಅದರೊಳಗೆ ಒಂದು ಆ್ಯಪೂ ತೆರೆದಿರಲಿಲ್ಲ. ಗುಡಿಸಿ ಸಾರಿಸಿದ ಅಂಗಳದಷ್ಟು ಸ್ವಚ್ಛ.

ಲಲಿತಾಬಾಯಿ: ನಾನೂ ಹಂಗೇ. ನೋಡಿದ್ನಿ, ಬಂದ್.

ವೈಜಿನಾಥ: ಹಂಗೇ ಇರ್ಬೇಕ್ರಿ. ಹೇಳಿದ್ರ ಯಾರೂ ಕೇಳಲ್ರಿ.

ಲಲಿತಾಬಾಯಿ: ನಮ್ಮ ಮನ್ಯಾಗೂ ಯಾರೂ ಕೇಳಲ್ಲ. ಮೊದ್ಲ ಒಬ್ಬಾಂವ ಎಮ್ಮಿ ನೋಡ್ಲಕ ಬಂದ. ಬರೋವಾಗ ಗೇಟೂ ಬಂದ್ ಮಾಡ್ಲಿಲ್ಲ, ಕರುವಿಂದು ಕದಾನೂ ಬಂದ್ ಮಾಡ್ಲಿಲ್ಲ. ಕರು ಹೋಗಿ ಎಲ್ಲಾ ಹಾಲು ಕುಡೀತು. ಮ್ಯಾಲ ನಮ್ಮ ಕಸ್ತೂರಿಗೇ ಹಾಲಿಲ್ಲಂತ ಹೇಳಿ ಹೋದ. ಅವತ್ತೇ ಅಂದೀನಿ, ಬಂದ್ ಮಾಡೋ ಅಭ್ಯಾಸ ಇಲ್ಲದ ಮನೀಗಿ ನನ್ನ ಎಮ್ಮಿ ಹೋಗಲ್ಲ.

ಶಾಲುಬಾಯಿ: ಆದ್ರ ಅಕ್ಕಾ, ಬಂದ್ ಮಾಡಿದ್ದಕ್ಕೇ ಅಲ್ಲೇನು ಚುಕ್ಕಿ ಭಾಲ್ಕ್ಯಾಗ ನಿಂತದ್ದು?

ಲಲಿತಾಬಾಯಿ: ಅದು ಚುಕ್ಕೀದು ತಪ್ಪು. ಬಂದ್ ಮಾಡಿದ್ ಮ್ಯಾಲ ಎದ್ದು ಹೋಗ್ಬೇಕು. ಅಲ್ಲೇ ಯಾಕ ಕುಂತಿತ್ತು?

ವೈಜಿನಾಥ: ಬರೋಬ್ಬರಿ ಮಾತು ರಿ.

ಕರು ಬಿಟ್ಟರು. ಅದು ನಾಲ್ಕು ಸಲ ತಲೆಯಿಂದ ಗುದ್ದಿತು, ಕೆಚ್ಚಲು ತುಂಬಿಕೊಂಡಿತು. ಲಲಿತಾಬಾಯಿ ಕರುವನ್ನು ಎಳೆದು ಕಟ್ಟಿ, ಬಕೇಟನ್ನು ಮೊಣಕಾಲ ನಡುವೆ ಇಟ್ಟು ಕುಳಿತಳು. ಮೊದಮೊದಲು ಬಕೇಟಿನ ತಳಕ್ಕೆ ಬಡಿಯುತ್ತಿದ್ದ ಹಾಲಿನ ಸದ್ದು ನಿಧಾನಕ್ಕೆ ಮೆತ್ತಗಾಗುತ್ತ ನೊರೆಯೊಳಗೆ ಮುಳುಗಿತು. ಬೆಚ್ಚನೆಯ ವಾಸನೆ ಎದ್ದಿತು. ಶಾಲುಬಾಯಿಗೆ ಆ ವಾಸನೆಯಲ್ಲೇ ಮುಂದಿನ ಹತ್ತು ವರ್ಷದ ಚಹಾ, ಮೊಸರು, ತುಪ್ಪ ಎಲ್ಲ ಸಾಲಾಗಿ ಕಂಡವು. ಲಲಿತಾಬಾಯಿ ತುಂಬಿದ ಬಕೇಟು ಕೆಳಗಿಟ್ಟು ಎದ್ದಳು.

ಲಲಿತಾಬಾಯಿ: ನಿಮ್ಮ ಮನ್ಯಾಗ ಹಿಂಡೋರು ಯಾರು? ನೀವೇ ಅಲ್ಲಾ?

ಶಾಲುಬಾಯಿ: ನಾನೇ ಅಕ್ಕಾ.

ಲಲಿತಾಬಾಯಿ: ಇವರದು ಗೊತ್ತಾಯ್ತು. ನಿಮ್ದು ಹ್ಯಾಂಗ? ಫೋನಿನ್ಯಾಗ ಬಂದ್ ಮಾಡ್ತೀರೋ, ಖುಲ್ಲಾ ಬಿಡ್ತೀರೋ?

ವೈಜಿನಾಥ ಹೊರಸಿನ ಮೇಲೆ ಕಾಲು ಮಡಚಿ ನೆಟ್ಟಗೆ ಕುಳಿತ. ಸಂಸಾರ ಮಾಡಿದ ಇಷ್ಟು ವರ್ಷಗಳಲ್ಲಿ ಅವನಿಗೆ ಇಂಥ ಗಳಿಗೆ ಒದಗಿ ಬಂದಿರಲಿಲ್ಲ. ಅವನಿಗೆ ಅವಸರವೂ ಇರಲಿಲ್ಲ.

ಶಾಲುಬಾಯಿ: ನಮ್ಮ ಪ್ರಣಿತಾ ಕಾಲೇಜ್ ಕಲೀಲತ್ತಾಳ ಅಕ್ಕಾ. ಅಕಿ ಏನು ಹೇಳ್ತಾಳಂದ್ರ...

ಕಸ್ತೂರಿ ಕೊಂಬು ತಿರುಗಿಸಿ ಅವಳ ಕಡೆ ನೋಡಿತು.

ಶಾಲುಬಾಯಿ: ...ಬಂದ್ ಮಾಡ್ಲಿಕ್ಕೇ ಬೇಕು ಅಂತ ಹೇಳ್ತಾಳ.

ವೈಜಿನಾಥ: ಬಂದ್ ಮಾಡ್ಲಿಲ್ಲಂದ್ರ ಏನಾಗ್ತದಂತ ಶಾಲು? ಅದನ್ನೂ ಹೇಳು.

ಅವಳು ಗಂಡನನ್ನು ನೋಡಿದ ರೀತಿಗೆ ಬಕೇಟಿನಲ್ಲಿದ್ದ ಹಾಲು ಒಡೆಯಬೇಕಿತ್ತು. ಹಾಲು ಗಟ್ಟಿಯಾಗಿತ್ತು, ಒಡೆಯಲಿಲ್ಲ.

ಶಾಲುಬಾಯಿ: ಸೋರ್ತದ.

ಲಲಿತಾಬಾಯಿಗೆ ಸಮಾಧಾನವಾಯಿತು. ಮಾತು ಮುಗಿಯಿತು, ಅದೇ ಹಾಲಿನ ಚಹಾ ಆಯಿತು, ನಾಳೆ ಗಾಡಿ ತಂದು ಒಯ್ಯುವುದೆಂದು ಠರಾವಾಯಿತು. ಹೊರಡುವಾಗ ಗೇಟು ಮುಚ್ಚುವ ಗೌರವವನ್ನು ಲಲಿತಾಬಾಯಿ ವೈಜಿನಾಥನಿಗೇ ಬಿಟ್ಟುಕೊಟ್ಟಳು. ಅವನು ಟಂಟಂ ಹತ್ತಿ ಕುಳಿತಾಗ ಎದೆ ಒಂದು ಗೇಣು ಮುಂದಿತ್ತು.

ವೈಜಿನಾಥ: ಕಡೀಕ ಒಪ್ಪಿದಿ.

ಶಾಲುಬಾಯಿ: ಏನ್ ಒಪ್ಪಿದೆ?

ವೈಜಿನಾಥ: ಸೋರ್ತದ ಅಂದಿ. ನಿನ್ನ ಬಾಯಿಲೇ. ಚಾಂದ ಪಾಶಾನೂ ಕೇಳ್ಯಾನ. ಹೌದಿಲ್ಲೋ?

ಚಾಂದ ಪಾಶಾ: ನನಗೇನೂ ಕೇಳ್ಲಿಲ್ರಿ ಕಾಕಾ. ಗಾಡಿ ಸಪ್ಪಳ ಭಾಳ ಅದ.

ಗಾಡಿಯನ್ನು ಅವನು ಇನ್ನೂ ಚಾಲೂ ಮಾಡಿರಲಿಲ್ಲ.

ಶಾಲುಬಾಯಿ: ಎಮ್ಮಿ ಸಲುವಾಗಿ ನಾ ಸುಳ್ಳ ಹೇಳಿದ್ದು ಇದೇ ಮೊದ್ಲಲ್ಲ ಬಿಡ್ರಿ.

ವೈಜಿನಾಥ: ಮತ್ಯಾವಾಗ ಹೇಳಿದ್ದಿ?

ಶಾಲುಬಾಯಿ ಸೆರಗು ಸರಿಪಡಿಸಿಕೊಂಡು ಸೀಟಿಗೆ ಒರಗಿದಳು.

ಶಾಲುಬಾಯಿ: ನಿಮ್ಮವ್ವ ನಿಮ್ಮನ್ನ ಕರಕೊಂಡು ಹೆಣ್ಣ ನೋಡ್ಲಕ ಬಂದಾಗ. 'ನನ್ನ ಮಗ ಭಾಳ ಶಾಣ್ಯಾ ಇದ್ದಾನ, ಹೌದಿಲ್ಲೋ ನೀನೇ ಹೇಳವ್ವಾ' ಅಂದ್ರು. ನಿಮ್ಮ ಮನ್ಯಾಗ ನಾಕು ಎಮ್ಮಿ ಅದಾವಂತ ನಮ್ಮಪ್ಪ ಹೇಳಿದ್ದ. ಹೌದ್ರಿ ಅಂದೆ.