ನೆರೆಯವರು ಬಂದು ಬಿಡಿಸುವರೇ ಎಂಬ ಪ್ರಶ್ನೆಯನ್ನು ಚಹಾ ವೇಳೆಯಲ್ಲಿ ಎತ್ತುವ ಕುರಿತು

ಸಹರಾವಿ ನಿರಾಶ್ರಿತರ ಶಿಬಿರ, ಕೆಳಗಿನ ಬಡಾವಣೆ
ಚಹಾ ಮತ್ತು ಚರ್ಚೆ ನಿಯಂತ್ರಣ ಉಪಸಮಿತಿಯ ಕಚೇರಿ
(ಮಣ್ಣಿಟ್ಟಿಗೆಯ ಕೋಣೆ, ಬಾಗಿಲು ಮಂಜೂರಾಗಿಲ್ಲ)

ಸಂಖ್ಯೆ: ಕೆಬ/ಚಚನಿ/ಡೇರೆ/ಬಿದ್ದದ್ದು/೨
ದಿನಾಂಕ: ಮರಳುಗಾಳಿ ನಿಂತ ಮರುದಿನ

ಸುತ್ತೋಲೆ

ವಿಷಯ: ನೆರೆಯವರ ಸೇನೆ, ಟ್ಯಾಂಕು, ಕಳವಳ ಇತ್ಯಾದಿಗಳನ್ನು ಚಹಾ ಕುಡಿಯುತ್ತಾ ನಡೆಸುವುದನ್ನು ನಿಯಂತ್ರಿಸುವ ಬಗ್ಗೆ.

ಉಲ್ಲೇಖ: ೧) ಇದೇ ವಿಷಯದ ಹಿಂದಿನ ಸುತ್ತೋಲೆ (ಆಡು ತಿಂದಿರುತ್ತದೆ). ೨) ಶ್ರೀಮತಿ ತೆಕ್ಬೆರ್ ಅವರ ಮೌಖಿಕ ದೂರು (ಬರವಣಿಗೆಯಲ್ಲಿ ಕೇಳುವ ಧೈರ್ಯ ಯಾರಿಗೂ ಬಂದಿಲ್ಲ).

ಪ್ರಸ್ತಾವನೆ:

ನಮ್ಮ ನಾಡನ್ನು ಹಿಡಿದು, ನಡುವೆ ಮರಳಿನ ಗೋಡೆ ಎಬ್ಬಿಸಿ ಕೂತಿರುವ ದೇಶವನ್ನು ಈ ಸುತ್ತೋಲೆಯಲ್ಲಿ ‘ಗೋಡೆಯವರು’ ಎಂದು ಕರೆಯಲಾಗಿದೆ. ಗೋಡೆಯವರನ್ನು ಕಂಡರಾಗದ, ಆ ಕಾರಣಕ್ಕೇ ನಮಗೆ ಡೇರೆ ಹಾಕಲು ಜಾಗ ಕೊಟ್ಟ ಪಕ್ಕದ ದೇಶವನ್ನು ‘ನೆರೆಯವರು’ ಎಂದು ಕರೆಯಲಾಗಿದೆ. ಡೇರೆಯಲ್ಲಿ ಕೂತು ಚಹಾ ಕುಡಿಯುತ್ತಿರುವವರನ್ನು ‘ನಾವು’ ಎಂದು ಕರೆಯಲಾಗಿದೆ. ಬೇರೆ ಹೆಸರುಗಳೂ ಪರಿಶೀಲನೆಗೆ ಬಂದಿದ್ದವು. ಅವು ಬರೆಯುವಂಥವಲ್ಲ.

ನೆರೆಯವರು ಬಂದು ಗೋಡೆಯವರನ್ನು ಓಡಿಸುತ್ತಾರೆಯೇ ಎಂಬ ಪ್ರಶ್ನೆಯನ್ನು ನಮ್ಮ ತಂದೆಯವರ ಕಾಲದಿಂದಲೂ ದಿನನಿತ್ಯ ಚರ್ಚಿಸಲಾಗುತ್ತಿದೆ. ತಂದೆಯವರು ತೀರಿಕೊಂಡಿದ್ದಾರೆ. ಪ್ರಶ್ನೆ ಆರೋಗ್ಯವಾಗಿದೆ.

ಗುರುವಾರದ ಘಟನೆಯ ಹಿನ್ನೆಲೆಯಲ್ಲಿ ಕೆಳಕಂಡ ನಿಯಮಗಳನ್ನು ಈ ಕೂಡಲೇ ಜಾರಿಗೆ ತರಲಾಗಿದೆ.

೧. ಚಹಾ ಮೂರು ಲೋಟ. ಮೂರನೆಯದು ಮುಗಿಯುವ ಮುನ್ನ ಎದ್ದು ಹೋಗುವುದು ಮನೆಯವರಿಗೆ ಅವಮಾನ ಎಂಬ ನಮ್ಮ ಪದ್ಧತಿಯನ್ನು ಉಪಸಮಿತಿಯು ಗೌರವಿಸುತ್ತದೆ. ಆದರೆ ಚರ್ಚೆ ಬಿಸಿಯಾಯಿತೆಂದು ಎರಡನೆಯ ಲೋಟದ ನಂತರ ಕುದಿಪಾತ್ರೆಗೆ ಹೊಸ ಚಹಾ ಸೊಪ್ಪು ಹಾಕಿ ಎಣಿಕೆಯನ್ನು ಮತ್ತೆ ಒಂದರಿಂದ ಶುರು ಮಾಡುವುದನ್ನು ನಿಷೇಧಿಸಲಾಗಿದೆ. ಗುರುವಾರ ಹಾಗೆ ಮಾಡಿದವರು ಈ ಸುತ್ತೋಲೆಗೆ ಸಹಿ ಹಾಕಿದವರೇ ಆಗಿರುತ್ತಾರೆ ಎಂಬ ಅಂಶವು ಇಲ್ಲಿ ಅಪ್ರಸ್ತುತ.

೨. ಸದಸ್ಯರು ಅಭಿಪ್ರಾಯಕ್ಕೆ ತಕ್ಕಂತೆ ಕೂರತಕ್ಕದ್ದು. ‘ಬರುತ್ತಾರೆ’ ಎನ್ನುವವರು ಎಡಕ್ಕೆ. ‘ಬರುವುದಿಲ್ಲ’ ಎನ್ನುವವರು ಬಲಕ್ಕೆ. ‘ಬಂದರೆ ವಾಪಸು ಹೋಗುವುದಿಲ್ಲ’ ಎನ್ನುವವರು ಬಾಗಿಲ ಬಳಿ, ಬೇಗ ಹೊರಹಾಕಲು ಅನುಕೂಲವಾಗುವಂತೆ.

೩. ರೇಡಿಯೋದಲ್ಲಿ ನೆರೆಯವರು ‘ತೀವ್ರ ಕಳವಳ’ ವ್ಯಕ್ತಪಡಿಸಿದಾಗ ಅದನ್ನು ಒಂದು ಸೇನಾ ತುಕಡಿ ಎಂದು ಎಣಿಸತಕ್ಕದ್ದಲ್ಲ. ‘ಅತ್ಯಂತ ತೀವ್ರ ಕಳವಳ’ವಾದರೂ ಅಷ್ಟೆ.

೪. ನೆರೆಯವರು ಕೊಟ್ಟ ಖರ್ಜೂರ ಬಾಯಲ್ಲಿರುವಾಗ ನೆರೆಯವರನ್ನು ಬೈಯುವಂತಿಲ್ಲ. ನುಂಗಿದ ಮೇಲೆ ಬೈಯಬಹುದು. ಬೀಜವನ್ನು ಯಾವ ದಿಕ್ಕಿಗೆ ಉಗಿಯಬೇಕೆಂಬ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು.

೫. ಮರಳಿನ ಮೇಲೆ ಬೆರಳಿನಿಂದ ಬರೆದ ನಕ್ಷೆಗಳನ್ನು ಏಳುವಾಗ ಅಳಿಸತಕ್ಕದ್ದು. ನಕ್ಷೆಯ ಮೇಲೆ ಆಡು ನಡೆದುಹೋದರೆ ಅದನ್ನು ಗಡಿ ಉಲ್ಲಂಘನೆಯೆಂದು ಪರಿಗಣಿಸಿ ಆಡಿನ ಯಜಮಾನನ ಮೇಲೆ ಕೂಗಾಡತಕ್ಕದ್ದಲ್ಲ.

೬. ಮಾತಿನಲ್ಲಿ ಹೊರಟ ಟ್ಯಾಂಕುಗಳನ್ನು ಮೂರನೆಯ ಲೋಟದೊಳಗಾಗಿ ಅವುಗಳ ಶೆಡ್ಡಿಗೆ ವಾಪಸು ಕಳುಹಿಸತಕ್ಕದ್ದು. ಈ ನಿಯಮದ ಅಗತ್ಯ ಹೀಗಿದೆ:

ಶ್ರೀಮತಿ ತೆಕ್ಬೆರ್ ಅವರ ತಂಗಿ ಶ್ರೀಮತಿ ಸುಯೆಲ್ಮಾ ಅವರು ಯುದ್ಧ ಶುರುವಾದಾಗ ಗೋಡೆಯಾಚೆಯೇ ಉಳಿದವರು. ಆಗ ಇಬ್ಬರೂ ಲಂಗದ ಹುಡುಗಿಯರು. ಇಷ್ಟು ವರ್ಷಗಳ ಮೇಲೆ ಕೆಲವೇ ದಿನದ ಭೇಟಿಗೆ ಅನುಮತಿ ಸಿಕ್ಕಿ ಗುರುವಾರ ಮಧ್ಯಾಹ್ನ ತಂಗಿ ಬರುವವರಿದ್ದರು. ತಾಯಿ ಕೈಯಾರೆ ಹೊಲಿದ ಡೇರೆಯೊಳಗೇ ತಂಗಿಗೆ ಮೊದಲ ಲೋಟ ಕೊಡಬೇಕೆಂದು ತೆಕ್ಬೆರ್ ಅವರು ಅದನ್ನು ಪೆಟ್ಟಿಗೆಯಿಂದ ತೆಗೆದು, ಹರಿದ ಕಡೆ ಹೊಲಿದು, ನಿಲ್ಲಿಸಿದ್ದರು. ಬೆಳಗಿನ ಗಾಳಿಗೆ ಡೇರೆ ಮಲಗಿತು. ಡೇರೆ ಎತ್ತುವುದು ಹೆಂಗಸರ ಕೆಲಸವಾದರೂ ಅಂದು ಹೆಂಗಸರೆಲ್ಲ ಹಿಟ್ಟು ಹಂಚುವ ಕಡೆ ಸಾಲಿನಲ್ಲಿದ್ದುದರಿಂದ ತೆಕ್ಬೆರ್ ಅವರು ಚಹಾಕ್ಕೆ ಕೂತಿದ್ದ ನಮ್ಮಲ್ಲಿಗೆ ಬಂದು, “ನಾಲ್ಕು ಜನ ಎದ್ದು ಬನ್ರಪ್ಪಾ, ನಡುಗಂಬ ಒಂದು ಹಿಡಿದುಕೊಟ್ರೆ ಸಾಕು” ಎಂದರು.

ಆ ವೇಳೆಗೆ ಮಾಜಿ ಯೋಧ ಹಮ್ದಿಯವರ ಮಾತಿನಲ್ಲಿ ನೆರೆಯವರ ಟ್ಯಾಂಕುಗಳು ಆಗತಾನೇ ಗೋಡೆ ತಲುಪಿದ್ದವು. ಅವನ್ನು ಅಲ್ಲೇ ನಿಲ್ಲಿಸಿ ಏಳುವುದು ಸೂಕ್ತವಲ್ಲವೆಂದು ಭಾವಿಸಲಾಯಿತು. ಹಮ್ದಿಯವರು, “ಅಕ್ಕಾ, ಒಂದ್ನಿಮಿಷ ತಡಿ, ಗೋಡೆ ಒಡೆದೇಬಿಟ್ರು” ಎಂದದ್ದನ್ನು ದಾಖಲಿಸಲಾಗಿದೆ. ಅದಕ್ಕೆ ತೆಕ್ಬೆರ್ ಅವರು ನೀಡಿದ ಉತ್ತರವನ್ನೂ ದಾಖಲಿಸಲಾಗಿದೆ: “ಗೋಡೆ ಆಮೇಲೆ ಒಡಿಯೋ ಮಾರಾಯ! ನನ್ನ ತಂಗಿ ಬಂದು ಬಯಲಲ್ಲಿ ನಿಂತ್ಕೊಳ್ತಾಳೆ, ನಾಚಿಕೆ ಆಗಲ್ವಾ ನಿಮಗೆ?”

ಆಗ ಹೊಸ ಸೊಪ್ಪು ಹಾಕಲಾಯಿತು.

೭. ತುರ್ತು ಸಂದರ್ಭದಲ್ಲಿ, ಅಂದರೆ ಡೇರೆ ಬಿದ್ದಾಗ, ನೀರಿನ ತೊಟ್ಟಿ ಉರುಳಿದಾಗ, ಅಥವಾ ಹೆಂಗಸು ಬಾಗಿಲಲ್ಲಿ ನಿಂತು ಸೊಂಟದ ಮೇಲೆ ಕೈಯಿಟ್ಟಾಗ, ಲೋಟದ ಎಣಿಕೆಯನ್ನು ಅಮಾನತಿನಲ್ಲಿಡಬಹುದು. ಕುಡಿಯದೆ ಉಳಿದ ಲೋಟಗಳನ್ನು ನಂತರ ಬಡ್ಡಿಯಿಲ್ಲದೆ ಕುಡಿಯಲು ಅವಕಾಶವಿರುತ್ತದೆ.

೮. ಶ್ರೀಮತಿ ಸುಯೆಲ್ಮಾ ಅವರು ಬಂದಿಳಿದಾಗ ಅಕ್ಕ ಬಿದ್ದ ಡೇರೆಯ ಮೇಲೆ ಕೂತು ಅಳುತ್ತಿದ್ದರು ಎಂಬುದು ಸತ್ಯ. ಅಪ್ಪಿಕೊಂಡು ಅತ್ತಾದ ಮೇಲೆ ತಂಗಿಯು ಉಟ್ಟ ಬಟ್ಟೆಯ ಸೆರಗನ್ನು ಸೊಂಟಕ್ಕೆ ಬಿಗಿದು, “ಏಳಕ್ಕಾ, ನೀ ಹಗ್ಗ ಹಿಡಿ, ಅಮ್ಮ ಎತ್ತುತ್ತಿದ್ದದ್ದು ಹೇಗೆ ಅಂತ ನಂಗಿನ್ನೂ ನೆನಪಿದೆ” ಎಂದು ಕಂಬಕ್ಕೆ ಹೆಗಲು ಕೊಟ್ಟರು. ಅತಿಥಿಯಿಂದ ಕೆಲಸ ಮಾಡಿಸುವುದು ನಮ್ಮಲ್ಲಿ ಎಂದೂ ಆಗದ ಮಾತು. ಆಗಿದೆ. ಡೇರೆ ಅರ್ಧ ಎದ್ದಾಗ ಗಂಡಸರು ಚಹಾದ ಪಾತ್ರೆ ಸಮೇತ ಸ್ಥಳಕ್ಕೆ ಆಗಮಿಸಿ ಎಡಕ್ಕೆ ಎಳೆಯಿರಿ, ಬಲಕ್ಕೆ ಎಳೆಯಿರಿ ಎಂದು ತೀವ್ರ ಕಳವಳ ವ್ಯಕ್ತಪಡಿಸಿದರು.

೯. ಆ ಸಂದರ್ಭದಲ್ಲಿ ಶ್ರೀಮತಿ ತೆಕ್ಬೆರ್ ಅವರು ಹಗ್ಗ ಹಿಡಿದುಕೊಂಡೇ ಮೂಲ ಪ್ರಶ್ನೆಯ ಬಗ್ಗೆ ನೀಡಿದ ಅಭಿಪ್ರಾಯವನ್ನು ಇನ್ನು ಮುಂದೆ ಎಲ್ಲ ಚರ್ಚೆಗಳ ಆರಂಭದಲ್ಲಿ ಗಟ್ಟಿಯಾಗಿ ಓದತಕ್ಕದ್ದು: “ನೆರೆಯವರಿಗೆ ಗೋಡೆಯವರ ಮೇಲೆ ಸಿಟ್ಟಿದೆ ಕಣ್ರಪ್ಪಾ. ನಮ್ಮ ಮೇಲೆ ಪ್ರೀತಿ ಇದೆ ಅಂತ ಯಾರು ಹೇಳಿದ್ದು ನಿಮಗೆ? ಸಿಟ್ಟಿಗೂ ಒಂದು ಕಡೆ ಹಗ್ಗ ಎಳಿಯೋ ಶಕ್ತಿ ಇದೆ, ಎಳೀಲಿ ಬಿಡಿ, ಬೇಡ ಅನ್ನಲ್ಲ. ಗೂಟ ಹೊಡೆಯೋರು ಯಾರು? ಅದನ್ನ ಹೇಳಿ ಮೊದಲು.” ಓದಿದ ನಂತರ ಒಂದು ನಿಮಿಷ ಮೌನ. ಮೌನದಲ್ಲಿ ಚಹಾ ಹೀರುವ ಸದ್ದು ಮಾಡತಕ್ಕದ್ದಲ್ಲ.

೧೦. ಡೇರೆ ನಿಂತ ಮೇಲೆ ತಂಗಿಗೆ ಮೊದಲ ಲೋಟವನ್ನು ಅಮ್ಮನ ಡೇರೆಯೊಳಗೇ ಕೊಡಲಾಯಿತು. ಹಮ್ದಿಯವರು ತಡೆಯಲಾರದೆ, “ಅಲ್ಲಿ, ಗೋಡೆಯಾಚೆ, ನಮ್ಮ ಜನ ಏನಂತಾರಮ್ಮಾ? ನೆರೆಯವರು ಬಂದು ಬಿಡಿಸ್ತಾರಂತಾ?” ಎಂದು ಕೇಳಿ ನಿಯಮ ೯ನ್ನು ಅದು ಜಾರಿಗೆ ಬರುವ ಮೊದಲೇ ಉಲ್ಲಂಘಿಸಿದರು. ಸುಯೆಲ್ಮಾ ಅವರು ಲೋಟ ಕೆಳಗಿಟ್ಟು ಹೇಳಿದ್ದು: “ನೆರೆಯವರ ಮಾತು ನಾವು ಆಡೋದೇ ಇಲ್ಲಣ್ಣಾ. ದಿನಾ ಚಹಾಕ್ಕೆ ಕೂತಾಗ, ದನಿ ತಗ್ಗಿಸಿ, ಒಂದೇ ಕೇಳಿಕೊಳ್ಳೋದು. ಡೇರೆಯಲ್ಲಿರೋ ನಮ್ಮವರು ಯಾವಾಗ ಬಂದು ಬಿಡಿಸ್ತಾರೆ ಅಂತ.”

೧೧. ಈ ಉತ್ತರಕ್ಕೆ ಸಂಬಂಧಿಸಿದಂತೆ ನಿಯಮ ರೂಪಿಸಲು ಉಪಸಮಿತಿಯು ತಕ್ಷಣವೇ ಸಭೆ ಸೇರಿತು. ಸದಸ್ಯರೆಲ್ಲರೂ ಲೋಟದ ತಳ ನೋಡುತ್ತಾ ಕೂತಿದ್ದರಿಂದ ಯಾವುದೇ ನಿರ್ಣಯ ಕೈಗೊಳ್ಳಲಾಗಿಲ್ಲ. ಮಧ್ಯಂತರ ಆದೇಶವಾಗಿ, ಇನ್ನು ಮುಂದೆ ಚಹಾಕ್ಕೆ ಬರುವ ಪ್ರತಿಯೊಬ್ಬ ಗಂಡಸೂ ಒಂದು ಗೂಟ ಮತ್ತು ಸುತ್ತಿಗೆಯೊಂದಿಗೆ ಬರತಕ್ಕದ್ದೆಂದೂ, ಎರಡನೆಯ ಲೋಟಕ್ಕೂ ಮೂರನೆಯ ಲೋಟಕ್ಕೂ ನಡುವೆ ಯಾರದಾದರೂ ಡೇರೆಗೆ ಹೊಡೆದು ಬರತಕ್ಕದ್ದೆಂದೂ ಈ ಮೂಲಕ ಕಟ್ಟುನಿಟ್ಟಾಗಿ ತಿಳಿಸಲಾಗಿದೆ. ಸುತ್ತಿಗೆ ಇಲ್ಲದವರು ಕಲ್ಲು ತರಲಿ. ಕಲ್ಲಿಗೇನೂ ಇಲ್ಲಿ ಬರಗಾಲವಿಲ್ಲ.

ಸಹಿ/-
ಲೆಹ್ಬೀಬ್
ಕಾರ್ಯದರ್ಶಿ ಹಾಗೂ ಚಹಾ ಕಾಯಿಸುವವರು
ಚಹಾ ಮತ್ತು ಚರ್ಚೆ ನಿಯಂತ್ರಣ ಉಪಸಮಿತಿ

ಪ್ರತಿಗಳು:
ಎಡಕ್ಕೆ, ಬಲಕ್ಕೆ ಮತ್ತು ಬಾಗಿಲ ಬಳಿ ಕೂರುವ ಎಲ್ಲ ಸದಸ್ಯರಿಗೆ, ಪಾಲನೆಗಾಗಿ.
ಹಮ್ದಿಯವರಿಗೆ, ಟ್ಯಾಂಕುಗಳನ್ನು ವಾಪಸು ಕರೆಸಿದ ಬಗ್ಗೆ ವರದಿ ಸಲ್ಲಿಸುವ ಸೂಚನೆಯೊಂದಿಗೆ.
ನೆರೆಯವರಿಗೆ, ಮಾಹಿತಿಗಾಗಿ. ಕಳವಳ ಬೇಡ.
ಗೋಡೆಯವರಿಗೆ, ಗಾಳಿ ಆ ಕಡೆ ಬೀಸಿದ ದಿನ.
ಆಡುಗಳಿಗೆ, ಹಳೆಯ ಪ್ರತಿ.
ಶ್ರೀಮತಿ ತೆಕ್ಬೆರ್ ಅವರಿಗೆ, ಕ್ಷಮಾಪಣೆಯೊಂದಿಗೆ. ಸ್ವೀಕರಿಸಿಲ್ಲ.
ಶ್ರೀಮತಿ ಸುಯೆಲ್ಮಾ ಅವರಿಗೆ: ಗೋಡೆಯಾಚೆ ಇಂಥ ಕಾಗದ ಒಯ್ಯುವಂತಿಲ್ಲವಾದ್ದರಿಂದ ವಾಹನ ಹತ್ತುವ ಮುನ್ನ ಓದಿ ಹೇಳಲಾಯಿತು. ಕೇಳಿಸಿಕೊಂಡು ನಕ್ಕರು. ಆಮೇಲೆ “ಹಾಗಾದ್ರೆ ಯಾವಾಗ ಅಂತ ಹೇಳಲಿ ಅಣ್ಣಾ ಅವರಿಗೆ?” ಎಂದು ಕೇಳಿದ್ದು, ಉತ್ತರವು ಪರಿಶೀಲನೆಯಲ್ಲಿರುವಾಗಲೇ ವಾಹನ ಹೊರಟಿರುತ್ತದೆ.